ಬಿಳಿ ಮೀನು ಮತ್ತು ತೂಬಾಳ ಹರಕೆ

ಹೊಸ ವರ್ಷದ ನೌರೂಜ್ ಹಬ್ಬ ಮುಗಿಯುತ್ತ ಬಂದ ಹಾಗೆ ಕೆರ್ಮಾನ್ ಕಡೆಯ ನಮ್ಮ ಊರು ಸಂಗಾಬಿನ ಪ್ರತಿ ಮನೆಯಲ್ಲಿಯೂ ಒಂದೇ ತೊಂದರೆ. ಹಬ್ಬದ ಮಣೆಯ ಮೇಲೆ ಕನ್ನಡಿ, ಸೇಬು, ಬೆಳ್ಳುಳ್ಳಿ, ಗೋಧಿ ಮೊಳಕೆಯ ತಟ್ಟೆಗಳ ನಡುವೆ ಇಟ್ಟಿದ್ದ ಗಾಜಿನ ಬೋಗುಣಿಯ ಕೆಂಪು ಮೀನನ್ನು ಏನು ಮಾಡಬೇಕು? ಮೊಳಕೆ ಹಳದಿಯಾಗಿರುತ್ತದೆ. ಸೇಬು ಸುಕ್ಕುಗಟ್ಟಿರುತ್ತದೆ. ಮೀನು ಮಾತ್ರ ಬದುಕಿರುತ್ತದೆ. ನೀರು ಕಲಕಿ ನಾರುತ್ತಿರುತ್ತದೆ. ಕೊಲ್ಲಲು ಮನಸ್ಸಿಲ್ಲ, ಸಾಕಲು ವ್ಯವಧಾನವಿಲ್ಲ. ಆದ್ದರಿಂದ ಹದಿಮೂರನೆಯ ದಿನ, ಊರೆಲ್ಲ ಊಟ ಕಟ್ಟಿಕೊಂಡು ಬಯಲಿಗೆ ಹೊರಡುವಾಗ, ಮೊಳಕೆಯನ್ನು ಕಾಲುವೆಗೂ ಮೀನನ್ನು ಕರೇಜಿನ ಬಾಯಿಗೂ ಬಿಟ್ಟುಬರುವುದು ರೂಢಿ.

ಕರೇಜೆಂದರೆ ನೆಲದಡಿಯ ನೀರಿನ ಸುರಂಗ. ಬೆಟ್ಟದ ಒಡಲಿನ ನೀರು ಕತ್ತಲಲ್ಲೇ ನಡೆದು ಬಂದು ನಮ್ಮ ಊರ ತಲೆಯಲ್ಲಿ ಬೆಳಕು ಕಾಣುತ್ತದೆ. ಕುಡಿಯಲು ಅದೇ, ಪಿಸ್ತಾ ತೋಟಕ್ಕೂ ಅದೇ. ಬೇರೆ ನೀರು ನಮಗಿಲ್ಲ.

ಈ ವರ್ಷ ತೂಬಾಳ ಮನೆಯ ಬೋಗುಣಿಯಲ್ಲಿದ್ದುದು ಬರಿಯ ಹಬ್ಬದ ಮೀನಲ್ಲ, ಹರಕೆಯ ಮೀನು. ಆಕೆಯ ಒಬ್ಬಳೇ ಮಗಳು ಗುಲ್ನಾರ್ ತುಂಬು ಬಸುರಿಯಾಗಿ ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಉಳಿದಿರಲಿಲ್ಲ. ಈ ಸಲ ಮಗು ಕೈಗೆ ಬರಲಿ, ಹದಿಮೂರರಂದು ಕರೇಜಿನ ಬಾಯಿಯಲ್ಲಿ ಮೀನಿಗೆ ಬಿಡುಗಡೆ ಕೊಡುತ್ತೇನೆ ಎಂದು ತೂಬಾ ದೇವರಲ್ಲಿ ಹೇಳಿಕೊಂಡಿದ್ದಳು. ಹೇಳಿಕೊಂಡ ದಿನದಿಂದ ಆಕೆಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆಯುವಳು. ಮಗಳು ಮಗ್ಗುಲು ಬದಲಿಸಿದರೆ ಎದ್ದು ಬರುವಳು. ಮೀನು ತೇಲಿದಂತೆ ಕಂಡರೆ ಬೋಗುಣಿಯ ಗಾಜನ್ನು ಬೆರಳಿನಿಂದ ತಟ್ಟುವಳು.

ಹಬ್ಬದ ಹನ್ನೆರಡನೆಯ ದಿನ ಮಧ್ಯಾಹ್ನ ಫರಂಗೀಸ್ ಬಂದಳು. ಆಕೆ ಊರಿನ ಆರೋಗ್ಯ ಕಾರ್ಯಕರ್ತೆ. ಬಸುರಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು, ಕುಡಿಯುವ ನೀರಿನ ಪರೀಕ್ಷೆ ಎಲ್ಲವೂ ಆಕೆಯದೇ ಕೆಲಸ. ಗುಲ್ನಾರಳ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದಳು.

"ಸ್ವಲ್ಪ ಏರಿದೆ. ಮಾತ್ರೆ ತಪ್ಪಿಸ್ಬೇಡ. ಕಾಲು ಊದಿಕೊಂಡ್ರೆ, ತಲೆ ನೋವು ಬಂದ್ರೆ, ಆ ಕ್ಷಣಾನೇ ನನಗೆ ಫೋನ್ ಮಾಡು."

"ಏರಿದೆಯಾ? ಎಷ್ಟು ಏರಿದೆ?" ತೂಬಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. "ನೆನ್ನೆ ನೀನು ಸರಿಯಿದೆ ಅಂದೆ."

"ಈಗ್ಲೂ ಸರೀನೇ ಇದೆ, ತೂಬಾ ಖಾಲೆ. ನಿಮ್ಮದು ನೋಡಿದ್ರೆ ಅವಳದಕ್ಕಿಂತ ಜಾಸ್ತಿ ಇರತ್ತೆ. ಕೂತ್ಕೊಳ್ಳಿ."

ಖಾಲೆ ಎಂದರೆ ಚಿಕ್ಕಮ್ಮ; ಊರಿನ ಕಿರಿಯರೆಲ್ಲ ಆಕೆಯನ್ನು ಹಾಗೆಯೇ ಕರೆಯುತ್ತಾರೆ. ತೂಬಾ ಕೂರಲಿಲ್ಲ. ಬೋಗುಣಿಯ ಕಡೆ ಕೈ ತೋರಿದಳು.

"ನಾಳೆ ಅದನ್ನ ಬಿಟ್ಟು ಬಂದ್ರೆ ನನಗೂ ಇಳಿಯತ್ತೆ, ಅವಳಿಗೂ ಇಳಿಯತ್ತೆ."

ಫರಂಗೀಸ್ ಸಕ್ಕರೆಯ ಹರಳನ್ನು ಬಾಯಿಗಿಟ್ಟುಕೊಂಡು ಒಂದು ಗುಟುಕು ಚಹಾ ಕುಡಿದಳು.

"ಖಾಲೆ, ನಾನು ಎರಡು ಕೆಲಸಕ್ಕೆ ಬಂದೆ. ಎರಡನೇದು ಅದೇ ಮೀನು. ಈ ಸಲ ಕರೇಜಿಗೆ ಮೀನು ಬಿಡಬೇಡಿ."

ತೂಬಾಳ ಮುಖ ಬಿಗಿಯಿತು. ಪ್ರೀತಿಯಿದ್ದಾಗ ಆಕೆ ಫರಂಗೀಸಳನ್ನು ಜಾನ್ ಎನ್ನುವಳು, ಮುನಿದಾಗ ಮೇಡಂ ಎಂಬಂತೆ ಖಾನುಮ್ ಎನ್ನುವಳು.

"ಯಾಕೆ ಖಾನುಮ್? ಇದೂ ಸರಕಾರದ ಆರ್ಡರಾ?"

"ಆರ್ಡರ್ ಅಲ್ಲ. ಇದನ್ನ ನೋಡಿ."

ಫರಂಗೀಸ್ ಫೋನು ತೆಗೆದು ಚಿತ್ರ ತೋರಿಸಿದಳು. ಬಿಳಿಯ ಬೋಗುಣಿಯಲ್ಲಿ ಬೆರಳುದ್ದದ ಮೀನು. ಮೈಯಲ್ಲಿ ಬಣ್ಣವಿಲ್ಲ, ಒಳಗಿನ ರಕ್ತ ಕಂಡು ನಸುಗೆಂಪಾಗಿದೆ. ಕಣ್ಣಿರಬೇಕಾದ ಜಾಗದಲ್ಲಿ ಬರಿಯ ಚರ್ಮ. ಹಿಮ ಕರಗಿ ನೀರು ಹೆಚ್ಚಿದ ಮೇಲೆ, ಪರೀಕ್ಷೆಗೆ ನೀರು ತುಂಬಲು ಹೋದಾಗ, ಕರೇಜಿನ ಬಾಯಿಯ ಕೊಳದಲ್ಲಿ ಅಂಥ ಮೂರು ಮೀನುಗಳನ್ನು ಆಕೆ ಕಂಡಿದ್ದಳು. ಒಂದನ್ನು ಹಿಡಿದು, ಚಿತ್ರ ತೆಗೆದು, ಮತ್ತೆ ಸುರಂಗದ ಕತ್ತಲಿಗೇ ಬಿಟ್ಟಿದ್ದಳು. ಆ ಚಿತ್ರವನ್ನು ಕೆರ್ಮಾನ್ ನಗರದಲ್ಲಿ ಮೀನುಗಳ ವಿಚಾರ ಕಲಿಸುವ ಒಬ್ಬ ಅಧ್ಯಾಪಕಿಗೆ ಕಳಿಸಿದ್ದಳು.

"ಅವರು ಏನಂದ್ರು ಗೊತ್ತಾ? ನಿಮ್ಮ ಕಡೆಯಿಂದ ಇಂಥ ಮೀನು ಇದುವರೆಗೂ ಯಾರೂ ದಾಖಲೆ ಮಾಡಿಲ್ಲ, ಇದು ಹೊಸ ಜಾತಿನೇ ಇರಬಹುದು, ಕೈಯಲ್ಲಿ ಹಿಡಿದು ನೋಡದೆ ಹೇಳೋಕಾಗಲ್ಲ ಅಂದ್ರು. ರಜೆ ಮುಗಿದ ವಾರ ಬರ್ತಾರೆ. ಅಲ್ಲಿವರೆಗೂ ಆ ನೀರಿಗೆ ಹೊಸದು ಏನೂ ಬೀಳದ ಹಾಗೆ ನೋಡ್ಕೊಳ್ಳಿ ಅಂತ ಹೇಳಿದಾರೆ."

ಅಷ್ಟರಲ್ಲಿ ತೂಬಾಳ ಗಂಡ ಕುದ್ರತ್ ಒಳಗೆ ಬಂದ. ಊರಿನ ನೀರು ಹಂಚುವ ಹೊಣೆ ಅವನದು. ಯಾರ ತೋಟಕ್ಕೆ ಯಾವಾಗ ಎಷ್ಟು ನೀರು ಎಂದು ಅವನು ಹೇಳಿದಂತೆಯೇ ಕಾಲುವೆ ತಿರುಗುತ್ತದೆ. ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಇದಾ? ಇದಕ್ಕೆ ಇಷ್ಟು ಗಲಾಟೆನಾ? ಸುರಂಗ ಶುಚಿ ಮಾಡೋರು ಇದನ್ನ ಹೆಣದ ಮೀನು ಅಂತಾರೆ. ನಮ್ಮಪ್ಪನೂ ನೋಡಿದ್ದ. ಹೋದ ಚಳಿಗಾಲ ನನ್ನ ಸಲಿಕೆಗೇ ಎರಡು ಬಂದ್ವು. ಕೋಳಿಗೆ ಹಾಕಿದೆ."

"ಕೋಳಿಗೆ ಹಾಕಿದ್ರಾ, ಅಮೂ?" ಎಂದಳು ಫರಂಗೀಸ್. ಅಮೂ ಎಂದರೆ ಚಿಕ್ಕಪ್ಪ.

"ಚೆನ್ನಾಗಿ ತಿಂತು. ಮೊಟ್ಟೆನೂ ಇಡ್ತು."

ಗುಲ್ನಾರ್ ದಿಂಬಿಗೆ ಮುಖ ಒತ್ತಿ ನಕ್ಕಳು. ಫರಂಗೀಸಳಿಗೆ ನಗು ಬರಲಿಲ್ಲ.

"ಅಮೂ, ನೀವು ನೋಡಿದೀರಿ, ನಿಮ್ಮಪ್ಪ ನೋಡಿದಾರೆ. ಆದ್ರೆ ನೀವಿಬ್ಬರೂ ಯಾರಿಗೂ ಹೇಳಲಿಲ್ಲ. ಈ ಸುರಂಗ ಬಿಟ್ಟು ಇನ್ನೆಲ್ಲೂ ಆ ಮೀನು ಇಲ್ಲದೇ ಇದ್ರೆ? ಇಲ್ಲಿ ಸತ್ತರೆ ಅದರ ಕಥೆ ಅಲ್ಲಿಗೇ ಮುಗೀತು."

"ಮುಗೀಲಿ. ಕಣ್ಣಿಲ್ಲ, ಬಣ್ಣ ಇಲ್ಲ, ಬಾಯಿಗೆ ರುಚಿಯೂ ಇಲ್ಲ. ಅದರಿಂದ ಯಾರಿಗೇನು?"

"ಏನು ಅಂತ ಗೊತ್ತಾಗೋದು ನೋಡಿದ ಮೇಲೆ ತಾನೆ? ಒಂದಂತೂ ನನಗೆ ಗೊತ್ತು. ನೀರು ಕೆಟ್ಟರೆ ಮೊದಲು ಸಾಯೋದು ಅಂಥ ಜೀವ. ಅದು ಬದುಕಿದೆ ಅಂದ್ರೆ ನಿಮ್ಮ ಲೋಟದ ನೀರೂ ನೆಟ್ಟಗಿದೆ ಅಂತ. ನನ್ನ ಪರೀಕ್ಷೆಯ ಪಟ್ಟಿ ಬಣ್ಣ ಬದಲಾಯಿಸೋಕೆ ಮುಂಚೆನೇ ಅದು ಹೇಳತ್ತೆ."

ಕುದ್ರತ್ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ಅವನ ಮನಸ್ಸಿನಲ್ಲಿದ್ದುದು ಬೇರೆ. ಅದನ್ನು ಈಗ ಹೇಳಿದ.

"ನಾನು ಹೇಳ್ತೀನಿ ಕೇಳು. ಇವತ್ತು ಮೀನು ಅಂತ ಬರ್ತಾರೆ. ನಾಳೆ ಬೇಲಿ ಹಾಕ್ತಾರೆ. ನಾಡಿದ್ದು ಕರೇಜ್ ಮುಟ್ಟಬೇಡಿ ಅಂತಾರೆ. ಪಿಸ್ತಾ ಮರಕ್ಕೆ ನೀನು ಬಾಯಲ್ಲಿ ನೀರು ತಂದು ಹಾಕ್ತೀಯಾ?"

"ನಾನೂ ಆ ಅಧ್ಯಾಪಕಿನ ಅದನ್ನೇ ಕೇಳಿದೆ, ಅಮೂ. ನನ್ನ ಗಂಡನಿಗೂ ಮರ ಇದೆ. ಆ ಮೀನು ಬದುಕಿರೋದೇ ನೀವು ಸುರಂಗ ಶುಚಿ ಮಾಡಿ ನೀರು ಹರಿಸ್ತಾ ಇರೋದ್ರಿಂದ, ಹರಿಯೋದು ನಿಲ್ಲಬಾರದು ಅಂದ್ರು. ನಿಮ್ಮ ಕೆಲಸ ನಿಲ್ಲಿಸೋಕೆ ಅಲ್ಲ, ಮುಂದುವರಿಸೋಕೆ ಹೇಳ್ತಾ ಇದಾರೆ. ಫೋನ್ ಹಚ್ಚಿ ಕೊಡ್ಲಾ, ನೀವೇ ಮಾತಾಡ್ತೀರಾ?"

"ಹಬ್ಬದ ದಿನ ಯಾಕೆ ಆ ಹೆಂಗಸಿಗೆ ತೊಂದರೆ" ಎಂದು ಕುದ್ರತ್ ಮುಖ ತಿರುಗಿಸಿದ. ಆದರೆ ಅವನ ಸ್ವರ ಇಳಿದಿತ್ತು.

ತೂಬಾ ಇಷ್ಟು ಹೊತ್ತೂ ನಿಂತೇ ಇದ್ದಳು.

"ನೀವಿಬ್ಬರೂ ನೀರಿನ ಮಾತು ಆಡ್ಕೊಳ್ಳಿ. ನನ್ನ ಒಂದು ಪ್ರಶ್ನೆಗೆ ಉತ್ತರ ಹೇಳು, ಖಾನುಮ್. ಇವಳು ಹುಟ್ಟಿದಾಗ ನನ್ನ ತಾಯಿನೂ ಕರೇಜಿಗೆ ಮೀನು ಬಿಟ್ಟಿದ್ಳು. ಆವಾಗ ನಿನ್ನ ಬಿಳಿ ಮೀನು ಸಾಯಲಿಲ್ಲ. ಈಗ ಯಾಕೆ ಸಾಯತ್ತೆ?"

ಇದು ಸರಿಯಾದ ಪ್ರಶ್ನೆ. ಫರಂಗೀಸ್ ಚಹಾದ ಲೋಟ ಕೆಳಗಿಟ್ಟಳು.

"ಆವಾಗ ಬಾಯಲ್ಲಿ ಕೊಳ ಇರಲಿಲ್ಲ, ಖಾಲೆ. ಬಿಟ್ಟ ಮೀನು ಕಾಲುವೆಯಲ್ಲಿ ಕೊಚ್ಚಿಕೊಂಡು ತೋಟಕ್ಕೆ ಹೋಗೋದು. ನೀರು ಇಂಗಿದ ಮೇಲೆ ಮಣ್ಣಲ್ಲಿ ಒದ್ದಾಡಿ ಸಾಯೋದು. ಬಿಡಿಸಿದ್ವಿ ಅಂತ ನಾವು ಅಂದ್ಕೊಂಡ್ವಿ, ಅಷ್ಟೇ. ಹೋದ ಶರತ್ಕಾಲದಲ್ಲಿ ಅಮೂ ಸಿಮೆಂಟಿನ ಕೊಳ ಕಟ್ಟಿಸಿದ್ರು. ಈಗ ಮೀನು ಅಲ್ಲೇ ನಿಲ್ಲತ್ತೆ, ಬೆಳೆಯತ್ತೆ, ಮೊಟ್ಟೆ ಇಡತ್ತೆ, ಸುರಂಗದೊಳಗೂ ಹೋಗತ್ತೆ. ಆಗ ಬಿಡ್ತಾ ಇದ್ದದ್ದು ನಿಮ್ಮ ತಾಯಿ ಒಬ್ಬರೇ. ಈಗ ನಲವತ್ತು ಮನೆ, ಮನೆಗೆ ಎರಡು ಮೀನು ಅಂತ ಇಟ್ಕೊಳ್ಳಿ. ಮೂರು ಬಿಳಿ ಮೀನಿನ ಮೇಲೆ ಎಂಬತ್ತು ಬಾಯಿ."

ತೂಬಾ ಚಹಾದ ಲೋಟಗಳನ್ನು ಎತ್ತಿಕೊಂಡು ಹೋದಳು. ಅಡುಗೆಮನೆಯಿಂದ ಹೇಳಿದಳು: "ನನ್ನ ಮಗಳಿಗೆ ಏನಾದ್ರೂ ಆದ್ರೆ, ಎಂಬತ್ತು ಬಾಯಿನ ಲೆಕ್ಕ ನನಗೆ ಬೇಡ."

ಮರುದಿನ ಬೆಳಿಗ್ಗೆ ಊರು ಬಯಲಿಗೆ ಹೊರಟಿತು. ಜಮಖಾನೆ, ಗಂಜಿಯ ಪಾತ್ರೆ, ಪುದೀನ ಪಾನಕದಲ್ಲಿ ಅದ್ದಿ ತಿನ್ನಲು ಎಳೆಯ ಸೊಪ್ಪು, ಎಲ್ಲವೂ ಹೊರಟವು. ತೂಬಾ ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಲ್ಲರಿಗಿಂತ ಮೊದಲೇ ಕರೇಜಿನ ಬಾಯಿಗೆ ಬಂದಳು. ಫರಂಗೀಸ್ ಅಲ್ಲಿಗೆ ಆಗಲೇ ಬಂದು ಕೊಳದ ಅಂಚಿನಲ್ಲಿ ಕುಳಿತಿದ್ದಳು. ಅವಳ ಕೈಯಲ್ಲಿ ಚಹಾ ಸೋಸುವ ಜಾಲರಿ ಇತ್ತು.

"ಕಾವಲು ಕೂತಿದೀಯಾ?"

"ನಿಮ್ಮ ಕೈ ಹಿಡಿಯಲ್ಲ, ಖಾಲೆ. ಆಣೆ. ಬಿಡೋಕೆ ಮುಂಚೆ ಒಂದು ನೋಡಿ, ಅಷ್ಟೇ."

ಫರಂಗೀಸ್ ಸುರಂಗದ ಬಾಯಿಯೊಳಕ್ಕೆ ಬಾಗಿ, ಕಲ್ಲಿನ ಅಡಿಯ ನೀರನ್ನು ಸೋಸಿದಳು. ಜಾಲರಿಯಲ್ಲಿ ಅಕ್ಕಿ ನುಚ್ಚಿನಂಥ ಬಿಳಿಯ ಪುಟ್ಟ ಜೀವಗಳು ಒದ್ದಾಡಿದವು. ಅವಕ್ಕೂ ಕಣ್ಣಿರಲಿಲ್ಲ.

"ಬಿಳಿ ಮೀನಿಗೆ ಊಟ ಇದು. ಕತ್ತಲಲ್ಲಿ ಬೇರೆ ಏನು ಸಿಗತ್ತೆ? ನಿಮ್ಮ ಬೋಗುಣಿಗೆ ನಾಲ್ಕು ಹಾಕ್ತೀನಿ."

ಹಾಕಿದಳು. ಕೆಂಪು ಮೀನು ಒಮ್ಮೆ ತಿರುಗಿತು. ಇನ್ನೊಮ್ಮೆ ತಿರುಗುವುದರೊಳಗೆ ನೀರಿನಲ್ಲಿ ಏನೂ ಉಳಿದಿರಲಿಲ್ಲ. ಮೀನು ಬಾಯಿ ತೆರೆದು ಮುಚ್ಚಿ, ಇನ್ನೂ ಇದೆಯೇ ಎಂದು ಗಾಜಿನ ಸುತ್ತ ಹುಡುಕಿತು.

"ಹಸಿದಿತ್ತು ಪಾಪ" ಎಂದಳು ತೂಬಾ. "ಅದೂ ಜೀವ ತಾನೆ?"

"ಜೀವವೇ. ತಪ್ಪು ಅದರದಲ್ಲ. ಮೊಟ್ಟೆ ಸಿಕ್ಕರೆ ಮೊಟ್ಟೆನೂ ಹೀಗೇ ತಿನ್ನತ್ತೆ. ಪೇಟೆಯ ತೊಟ್ಟಿಯಿಂದ ರೋಗನೂ ತಂದಿರಬಹುದು. ಬಿಳಿ ಮೀನಿಗೆ ಓಡಿಹೋಗೋಕೆ ಬೇರೆ ನೀರಿಲ್ಲ."

ತೂಬಾ ಸುರಂಗದ ಬಾಯಿಯನ್ನು ನೋಡಿದಳು, ಬೋಗುಣಿಯನ್ನು ನೋಡಿದಳು.

"ನೀನು ಹೇಳೋದು ನಿಜ ಇರಬಹುದು. ನಾನು ಬೇಡ ಅನ್ನಲ್ಲ. ಆದ್ರೆ ನಾನು ಬಾಯಿಬಿಟ್ಟು ಹೇಳಿಕೊಂಡಿದೀನಿ. ಮಾತು ತಪ್ಪಿದ್ರೆ ಅದನ್ನ ತೀರಿಸ್ಕೊಳ್ಳೋದು ಯಾರ ಮೇಲೆ? ನನ್ನ ಮೇಲಾದ್ರೆ ಸರಿ. ಅವಳ ಮೇಲಾದ್ರೆ?"

ಆಕೆ ಬಾಗಿದಳು. ಬೋಗುಣಿ ಓರೆಯಾಯಿತು.

"ತಡಿ, ಅಮ್ಮ."

ಗುಲ್ನಾರ್ ಏರು ಹತ್ತಿ ಬಂದಿದ್ದಳು. ಅಪ್ಪನ ತೋಳು ಹಿಡಿದುಕೊಂಡಿದ್ದಳು. ಉಸಿರು ಸಾಲದೆ ಕಲ್ಲಿನ ಮೇಲೆ ಕುಳಿತಳು.

"ನೀನ್ಯಾಕೆ ಹತ್ತಿ ಬಂದೆ? ಇವರಿಗಾದ್ರೂ ಬುದ್ಧಿ ಬೇಡ್ವಾ?"

"ನಾನು ಬೇಡ ಅಂದೆ. ನಿನ್ನ ಮಗಳು ತಾನೆ, ಕೇಳ್ತಾಳಾ?" ಎಂದ ಕುದ್ರತ್.

ಗುಲ್ನಾರ್ ಉಸಿರು ತಹಬಂದಿಗೆ ಬರುವ ತನಕ ಕಾದಳು.

"ಅಮ್ಮ, ನನ್ನ ಮೊದಲ ಎರಡಕ್ಕೆ ಹೆಸರಿತ್ತಾ?"

ತೂಬಾ ತಲೆ ಎತ್ತಲಿಲ್ಲ. "ಆ ಮಾತು ಈಗ ಯಾಕೆ?"

"ಇತ್ತಾ?"

"ಎಲ್ಲಿಂದ ಬರಬೇಕು? ಇಡೋ ಹೊತ್ತೇ ಆಗಿರಲಿಲ್ಲ."

"ಯಾರಾದ್ರೂ ಮನೆಗೆ ಬಂದು ಸಮಾಧಾನ ಹೇಳಿದ್ರಾ?"

"ಯಾರಿಗೂ ಗೊತ್ತೇ ಇರಲಿಲ್ವಲ್ಲ, ಕಂದ."

"ಅದೇ. ಇತ್ತು ಅಂತ ಗೊತ್ತಿಲ್ಲದ್ದಕ್ಕೆ ಹೋಯ್ತು ಅಂತ ಯಾರು ಅಳ್ತಾರೆ? ನನಗೊಬ್ಬಳಿಗೆ ಗೊತ್ತು ಅವು ಇದ್ವು ಅಂತ. ಇವತ್ತಿಗೂ ಗೊತ್ತು." ಅವಳು ಸುರಂಗದ ಕಡೆ ನೋಡಿದಳು. "ನನ್ನ ಮಗೂನ ಹೆಸರು ಹೇಳಿ ಇನ್ನೊಂದಕ್ಕೆ ಹಾಗೆ ಆಗೋದು ಬೇಡ."

"ಹಾಗಾದ್ರೆ ಹರಕೆ?" ತೂಬಾ ಕೇಳಿದಳು. ಆಕೆಯ ಸ್ವರ ಮಗುವಿನ ಸ್ವರದಂತಿತ್ತು.

"ಹರಕೆ ದೊಡ್ಡದು ಮಾಡು. ಮೀನನ್ನ ನೀರಿಗೆ ಬಗ್ಗಿಸಿ ಬರೋಕೆ ಒಂದು ಗಳಿಗೆ ಸಾಕು. ಅದು ಸಾಯೋವರೆಗೂ ಸಾಕ್ತೀನಿ ಅನ್ನು. ದಿನಾ ನೀರು, ದಿನಾ ಊಟ. ದೇವರಿಗೆ ಕಷ್ಟದ್ದು ಕೊಟ್ರೆ ಬೇಡ ಅಂತಾನಾ?"

ತೂಬಾ ಯೋಚಿಸಿದಳು. ಆಕೆ ಕಷ್ಟಕ್ಕೆ ಹೆದರುವ ಹೆಂಗಸಲ್ಲ. ಬೋಗುಣಿಯನ್ನು ನೆಟ್ಟಗೆ ಹಿಡಿದಳು. ತುಟಿಗಳು ಅಲುಗಿದವು, ಏನು ಹೇಳಿಕೊಂಡಳೋ ಯಾರೂ ಕೇಳಲಿಲ್ಲ.

"ಎಲ್ಲಿ ಸಾಕ್ತೀಯ?" ಎಂದ ಕುದ್ರತ್.

"ಅಂಗಳದ ತೊಟ್ಟೀಲಿ."

"ಅದು ಸೀಳು ಬಿಟ್ಟಿದೆ."

"ಊರಿಗೆ ಕೊಳ ಕಟ್ಟೋಕೆ ಸಿಮೆಂಟ್ ಇತ್ತು, ಹೆಂಡತಿ ತೊಟ್ಟಿಗೆ ಇಲ್ವಾ? ಇವತ್ತೇ ಮೆತ್ತಿ. ಅದರ ನೀರು ಕಾಲುವೆಗೆ ಹೋಗೋ ತೂತನ್ನೂ ಮುಚ್ಚಿ."

ಆಗಲೇ ಕೆಳಗಿನಿಂದ ಉಳಿದ ಮನೆಯವರು ಬೋಗುಣಿ ಹಿಡಿದು ಬರುತ್ತಿದ್ದರು. ನೀರು ಹಂಚುವವನ ಮಾತಿಗೆ ಊರಿನಲ್ಲಿ ತೂಕವಿದೆ. ಕುದ್ರತ್ ದಾರಿಗೆ ಅಡ್ಡ ನಿಂತು, "ಮೀನು ಮನೆಗೆ, ಜನ ಬಯಲಿಗೆ. ಬಿಟ್ಟೋರ ತೋಟದ ನೀರು ನಾಳೆ ಎಲ್ಲಿ ತಿರುಗತ್ತೋ ನನಗೆ ಗೊತ್ತಿಲ್ಲ" ಎಂದ. ಕೆಲವರು ನಕ್ಕರು, ಕೆಲವರು ಗೊಣಗಿದರು, ಹೆಚ್ಚಿನವರು ತಿರುಗಿದರು. ಸಾಕಲಾರದವರ ಮೀನನ್ನು ತೂಬಾಳೇ ತನ್ನ ತೊಟ್ಟಿಗೆ ಕೇಳಿ ಪಡೆದಳು.

ಆದರೆ ಕುದ್ರತ್ ಇತ್ತ ಮಾತಾಡುತ್ತಿದ್ದಾಗ, ಅತ್ತ ಬದಿಯಿಂದ ಬಂದ ಒಬ್ಬ ಮುದುಕಿ ಏನೂ ತಿಳಿಯದೆ ತನ್ನ ಎರಡು ಮೀನುಗಳನ್ನು ಕೊಳಕ್ಕೆ ಸುರಿದುಬಿಟ್ಟಿದ್ದಳು. ಕುದ್ರತ್ ಶರಾಯಿ ಮಡಚಿ ಕೊಳಕ್ಕಿಳಿದ. ಜಾಲರಿ ಸಾಲದೆ ಟೋಪಿಯಿಂದ ಗೋರಿದ. ಊರೆಲ್ಲ ದಡದಲ್ಲಿ ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳಿಕೊಟ್ಟಿತು. ಒಂದು ಸಿಕ್ಕಿತು. ಇನ್ನೊಂದು ಸುರಂಗದ ಕಡೆ ತಿರುಗಿದ್ದನ್ನು ಫರಂಗೀಸ್ ಕಂಡಳು. ಅವನು ಸೊಂಟದ ತನಕ ಒಳಗೆ ಹೋಗಿ ಹುಡುಕಿದ. ಅದು ಸಿಗಲಿಲ್ಲ.

ರಜೆ ಮುಗಿದ ಮೇಲೆ ಕೆರ್ಮಾನಿನ ಅಧ್ಯಾಪಕಿ ಬಂದರು. ಕುದ್ರತನೇ ದೀಪ ಹಿಡಿದು ಅವರನ್ನು ಸುರಂಗದೊಳಕ್ಕೆ ಕರೆದೊಯ್ದ. ಬಿಳಿ ಮೀನು ಸಿಕ್ಕಿತು. ಈಗ ತಿಳಿದಿರುವ ಯಾವ ಜಾತಿಗೂ ಅದು ಹೊಂದುತ್ತಿಲ್ಲ ಎಂದು ಅವರು ಹೇಳಿದ್ದಾರೆ. ಇನ್ನೂ ಹೋಲಿಸಿ ನೋಡಬೇಕು, ಆಮೇಲೆ ಹೆಸರು; ಅದಕ್ಕೆ ವರ್ಷಗಳೇ ಹಿಡಿಯಬಹುದು. ನೀರಿನ ಸರದಿ ಹಿಂದಿನಂತೆಯೇ ನಡೆದಿದೆ. ಬೇಲಿ ಯಾರೂ ಹಾಕಿಲ್ಲ.

ಗುಲ್ನಾರಳಿಗೆ ರಕ್ತದೊತ್ತಡ ಏರಿದ ದಿನ ಫರಂಗೀಸ್ ತಡಮಾಡದೆ ಆಸ್ಪತ್ರೆಗೆ ಸೇರಿಸಿದಳು. ಹೆಣ್ಣು ಮಗು ಹುಟ್ಟಿದೆ. ತೂಕ ಕಡಿಮೆ, ಆದರೆ ಚೆನ್ನಾಗಿ ಹಾಲು ಕುಡಿಯುತ್ತದೆ. ಇದು ಹರಕೆಯಿಂದ ಎನ್ನುತ್ತಾಳೆ ತೂಬಾ, ಮಾತ್ರೆಯಿಂದ ಎನ್ನುತ್ತಾಳೆ ಫರಂಗೀಸ್. ಇಬ್ಬರೂ ತಮ್ಮ ಕೆಲಸ ಬಿಟ್ಟಿಲ್ಲ.

ತಪ್ಪಿಹೋದ ಆ ಒಂದು ಕೆಂಪು ಮೀನು ಮಾತ್ರ ಇಂದಿಗೂ ಸಿಕ್ಕಿಲ್ಲ. ಕುದ್ರತ್ ದಿನವೂ ಬಲೆ ಹಿಡಿದು ಕೊಳದ ಬಳಿ ಕೂರುತ್ತಾನೆ. ಅದು ಸತ್ತಿರಬಹುದು. ಕತ್ತಲೊಳಗೆ ಬದುಕಿದ್ದು, ಮೊಟ್ಟೆ ಹುಡುಕುತ್ತಿರಲೂಬಹುದು. ಎರಡರಲ್ಲಿ ಯಾವುದೆಂದು ಹೇಳಬಲ್ಲವರು ಊರಿನಲ್ಲಿ ಯಾರೂ ಇಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲಿಯೂ ಇಂಥ ನೀರಿದೆ. ಬೀದರಿನಲ್ಲಿ ಕರೇಜ್ ಇದೆ, ಕರಾವಳಿಯ ಗುಡ್ಡಗಳಲ್ಲಿ ಸುರಂಗಗಳಿವೆ, ಮನೆ ಮನೆಯ ಹಿಂದೆ ಬಾವಿಗಳಿವೆ. ಅವುಗಳ ಒಳಗೆ ಏನೇನು ಬದುಕಿದೆಯೆಂದು ಪೂರ್ತಿಯಾಗಿ ಬಲ್ಲವರು ಯಾರೂ ಇಲ್ಲ. ಗಾಜಿನ ತೊಟ್ಟಿಯ ಮೀನು ಸಾಕಾಯಿತೆಂದು ಕೆರೆಗೆ, ಹಳ್ಳಕ್ಕೆ, ಬಾವಿಗೆ ಬಿಡಬೇಡಿ. ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ. ತೊಟ್ಟಿಯ ಕೊಳಕು ನೀರನ್ನೂ ಹೊಳೆಗೆ ಚೆಲ್ಲಬೇಡಿ. ಬಾವಿ ತೊಳೆಯುವಾಗ, ಕಲ್ಲು ಮಗುಚುವಾಗ, ಎಂದೂ ಕಾಣದ ಜೀವವೊಂದು ಕಂಡರೆ ಕೋಳಿಗೆ ಎಸೆಯಬೇಡಿ, ಚಪ್ಪಲಿಯಿಂದ ಹೊಸಕಬೇಡಿ. ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಚಿತ್ರ ತೆಗೆಯಿರಿ, ಅಳತೆ ತಿಳಿಯುತ್ತದೆ. ಜಾಗವನ್ನು ನೆನಪಿಡಿ. ಜೀವವನ್ನು ಸಿಕ್ಕಿದಲ್ಲಿಯೇ ಬಿಡಿ. ಹತ್ತಿರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವರಿಗೆ ತಿಳಿಸಿ. ಅವರು ತಿಳಿದದ್ದೇ ಎನ್ನಬಹುದು. ಅದರಿಂದ ನಷ್ಟವೇನೂ ಇಲ್ಲ.

ಭೂಮಿಯ ಮೇಲಿನ ಜೀವಗಳನ್ನು ಕೂಡುವ ಲೆಕ್ಕ ಇನ್ನೂ ಮುಗಿದಿಲ್ಲ. ಮೊತ್ತ ತಿಳಿಯುವ ಮೊದಲೇ ಕಳೆಯಲು ತೊಡಗಬೇಡಿ.